ರೇಡಿಯೋ ಹಚ್ಚಿಕೊಂಡ ಸೆಂಟು

ಬಡವ ಬಾಯಿ ಮುಚ್ಚಿಕೊಂಡಿದ್ದರೆ ಪೆದ್ದ ಅನ್ನುತ್ತಾರೆ, ಇದ್ದವನು ಮುಚ್ಚಿಕೊಂಡಿದ್ದರೆ ಗಂಭೀರ ಅನ್ನುತ್ತಾರೆ. ಇನ್ನು ಬಡವ ಬಾಯಿ ಬಿಟ್ಟನೋ, ಮುಗಿಯಿತು, ಒಂದು ಅಡ್ಡಹೆಸರು ಕಟ್ಟಿ ಕೂರಿಸುತ್ತಾರೆ. ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆರು ವರ್ಷದಿಂದ ಬೇಯುತ್ತಿದ್ದ ಇಪ್ಪತ್ತನಾಲ್ಕರ ಯುವಕನಿಗೆ ಬೀದಿಯವರು ಕಟ್ಟಿದ ಹೆಸರು ರೇಡಿಯೋ.

ಅಂಗಡಿ ಅವನ ಸೋದರತ್ತೆಯದು. ಮುಂದಿನ ಕೋಣೆಯಲ್ಲಿ ಮೇಜು, ಕುರ್ಚಿ, ಫ್ಯಾನು, ಗಿರಾಕಿಗಳು. ಹಿಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ, ನೀರಿನ ಬೋಗುಣಿ, ಹಬೆ, ರೇಡಿಯೋ. ಆ ಫ್ಯಾನಿನ ಕೆಳಗಿನ ಕುರ್ಚಿಯ ಮೇಲೆ ಅವನಿಗೆ ಕಣ್ಣು. ಅತ್ತೆಗೆ ಮಂಡಿನೋವು, ಮುಂದಿನ ತಿಂಗಳಿಂದ ಬೆಳಿಗ್ಗೆ ಮಾತ್ರ ಬಂದು ಬಟ್ಟೆ ವಿಂಗಡಿಸಿ ಹೋಗುತ್ತೇನೆ, ಕುರ್ಚಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಸಾರಿಬಿಟ್ಟಿದ್ದಳು. ಕೂರಿಸುವುದಾದರೆ ಇಬ್ಬರೇ: ಒಬ್ಬ ರೇಡಿಯೋ, ಇನ್ನೊಬ್ಬ ಅವನ ಅಕ್ಕನ ಗಂಡ. ಭಾವ ದಿನಕ್ಕೆ ನಾಲ್ಕು ಮಾತಾಡುತ್ತಿದ್ದ, ಅದರಲ್ಲಿ ಮೂರು ‘ಹೂಂ’.

“ಕುರ್ಚಿ ನಂಗೇ ಕೊಡು ಅತ್ತೆ.”

“ಬಾಯಿಗೆ ಬೀಗ ಇಲ್ಲದೋನ ಕೈಗೆ ಅಂಗಡಿ ಬೀಗ ಕೊಡ್ಲಾ? ಗುಮಾಸ್ತರ ವಿಷಯ ಮರೆತ್ಯಾ?”

ಮರೆಯುವುದು ಹೇಗೆ? ಗುಮಾಸ್ತರ ಪ್ಯಾಂಟಿನ ಜೇಬಿನಲ್ಲಿ ಡ್ಯಾನ್ಸ್ ಕ್ಲಾಸಿನ ರಸೀದಿ ಸಿಕ್ಕಿತ್ತು. ಬಟ್ಟೆ ಒಯ್ಯಲು ಬಂದ ಅವರ ಹೆಂಡತಿಯನ್ನು, ನಾಲ್ಕು ಜನ ನಿಂತಿದ್ದಾಗಲೇ, ಇವನು ಕೇಳಿದ್ದ: “ಅಮ್ಮಾ, ಸರ್ ಕುಣಿಯೋಕೆ ಕಲೀತಿದಾರಂತೆ?” ಐವತ್ತೈದು ವರ್ಷದ ಆ ನಾಚಿಕೆಯ ಮನುಷ್ಯ ಡ್ಯಾನ್ಸನ್ನೂ ಬಿಟ್ಟರು, ಎರಡು ತಿಂಗಳು ಅಂಗಡಿಯ ಕಡೆ ತಲೆಹಾಕುವುದನ್ನೂ ಬಿಟ್ಟರು. ಅವರ ಬಟ್ಟೆ ಮತ್ತೆ ಬರತೊಡಗಿದ್ದು ಈಚೆಗಷ್ಟೇ.

ಎದುರುಗಡೆ ಸೆಂಟಿನ ಅಂಗಡಿ. ಅಲ್ಲಿ ಮಾರಾಟಕ್ಕೆ ನಿಲ್ಲುವ ಹೆಂಗಸಿನ ಕರಿ ಕೋಟಿಗೆ ರೇಡಿಯೋ ಪ್ರತಿ ವಾರ ಗೆರೆ ತಪ್ಪದಂತೆ ಇಸ್ತ್ರಿ ಮಾಡಿಕೊಡುತ್ತಿದ್ದ. ಅವನ ಗೋಳು ಕೇಳಿ ಅವಳು ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಒಂದು ಕಪ್ಪು ಸೀಸೆ ತಂದುಕೊಟ್ಟಳು. ತಳದಲ್ಲಿ ಕಾಲುಭಾಗ ಉಳಿದಿತ್ತು.

“ಇದನ್ನ ಹಚ್ಚೋರು ಕಮ್ಮಿ ಮಾತಾಡ್ತಾರೆ ಕಣೋ. ಜನ ಅವರ ಬಗ್ಗೆ ಜಾಸ್ತಿ ಮಾತಾಡ್ತಾರೆ. ನಿಗೂಢ ವ್ಯಕ್ತಿತ್ವ!”

“ಸೀಸೇಲಿ ಸಿಗತ್ತಾ ಅಕ್ಕಾ ಅದೂ?”

“ಸೀಸೇಲಲ್ದೆ ಇನ್ನೆಲ್ಲಿ ಸಿಗತ್ತೆ ಈಗ?”

ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ ಬರೆದಿತ್ತು: ‘ಕತ್ತಲನ್ನು ಧರಿಸುವವನಿಗಾಗಿ.’ ರೇಡಿಯೋಗೆ ಮೈ ಉರಿಯಿತು. ಕತ್ತಲು ಧರಿಸುವುದಂತೆ! ಕರೆಂಟು ಹೋದಾಗ ಅವನ ಮನೆಮಂದಿಯೆಲ್ಲ ಧರಿಸಿಕೊಂಡೇ ಕೂತಿರುತ್ತಾರೆ, ಪುಕ್ಕಟೆಯಾಗಿ. ಯಾವನಾದರೂ ಬಂದು ನಿಗೂಢ ಅಂದನೇ? ಆದರೂ ಮೂಸಿದ. ಹೊಗೆ, ಹಳೇ ಮರ, ತೊಗಲು, ಅದರಡಿಯಲ್ಲಿ ಹೆಸರು ಹಿಡಿಯಲಾಗದ ಇನ್ನೇನೋ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಗಾಜು ಇಳಿಸದೆ ಹೋಗುವವರ ವಾಸನೆ. ಬೈಯುತ್ತಲೇ ಜೇಬಿಗೆ ಹಾಕಿಕೊಂಡ.

ಸೋಮವಾರ ಬೆಳಿಗ್ಗೆ ಕುತ್ತಿಗೆಗೆ ಎರಡು ಸಲ, ಮಣಿಕಟ್ಟುಗಳಿಗೆ ನಾಲ್ಕು ಸಲ ಹೊಡೆದುಕೊಂಡ. ಹೊಡೆದುಕೊಂಡವನು ಬಾಯಿಗೆ ಹೊಲಿಗೆ ಹಾಕಿದವನಂತೆ ಕೆಲಸಕ್ಕೆ ನಿಂತ.

ಮುಂದಿನ ಕೋಣೆಯಿಂದ ಅತ್ತೆ ಕೂಗಿದಳು, “ಲೋ, ಯಾರೋ ದೊಡ್ಡ ಮನುಷ್ಯರು ಬಂದಹಾಗಿದೆ, ಆ ಸ್ಟೂಲು ಒರೆಸೋ!”

ಯಾರೂ ಬಂದಿರಲಿಲ್ಲ. ಅವಳು ಮೂಗು ಹಿಡಿದ ದಾರಿಯಲ್ಲೇ ಹಿಂದಿನ ಕೋಣೆಗೆ ಬಂದು ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು.

“ನೀನಾ? ಏನೋ ಇದು?”

ರೇಡಿಯೋ ಒಂದು ಹುಬ್ಬನ್ನು ಮಾತ್ರ ಏರಿಸಿದ.

“ಬಾಯಾದ್ರೂ ಮುಚ್ಚಿದೀಯಲ್ಲ, ಇರಲಿ ಬಿಡು,” ಎಂದು ಅತ್ತೆ ಮಂಡಿ ಹಿಡಿದುಕೊಂಡು ವಾಪಸು ಹೋದಳು.

ಗ್ಯಾರೇಜಿನವನು ಕಿಟಕಿಯಿಂದ ಇಣುಕಿ, “ಏನಪ್ಪಾ, ಬ್ಯಾಟರಿ ಹೋಯ್ತಾ?” ಎಂದ. ರೇಡಿಯೋ ಬೋಗುಣಿಗೆ ಕೈ ಅದ್ದಿ ಅಂಗಿಗೆ ನೀರು ಚಿಮುಕಿಸಿದ. ಹಲ್ಲಿನ ಡಾಕ್ಟರು ಬಂದವರು ಗಾಬರಿಯಾಗಿ, “ಎಲ್ಲಿ, ಆ ಅನ್ನು,” ಎಂದರು. ನಿಗೂಢ ವ್ಯಕ್ತಿ ಬಾಯಿ ತೆರೆದು ಆ ಅನ್ನಬೇಕಾಯಿತು. “ಒಂದೂ ಹುಳುಕಿಲ್ಲ. ಮತ್ತೆ ಯಾಕೆ ಸುಮ್ನಿದೀಯ?” ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಸುದ್ದಿಯೋ ಸುದ್ದಿ. ಕೆಲವರು ಪ್ರೇಮಭಂಗ ಅಂದರು, ಕೆಲವರು ಜ್ವರ ಅಂದರು. ರೇಡಿಯೋಗೆ ಒಳಗೊಳಗೇ ಹಬ್ಬ. ಹೊಟ್ಟೆಯಲ್ಲಿ ಮಾತ್ರ ಆಡದ ಮಾತುಗಳು ಕುಕ್ಕರಿನ ಹಬೆಯಂತೆ ಏರುತ್ತಿದ್ದವು.

ಆದರೆ ಒಂದು ಸಂಗತಿಯನ್ನು ಅವನೂ ಯೋಚಿಸಿರಲಿಲ್ಲ, ಅವನತ್ತೆಯೂ ಯೋಚಿಸಿರಲಿಲ್ಲ. ಆ ಅಂಗಡಿಯಲ್ಲಿ ಬಟ್ಟೆಗೆ ಚೀಟಿ ಅಂಟಿಸುವುದಿಲ್ಲ, ಇಂಕಿನ ಗುರುತು ಹಾಕುವುದಿಲ್ಲ. ತೆಳು ಬಟ್ಟೆಗೆ ಮೊದಲು, ದಪ್ಪ ಬಟ್ಟೆಗೆ ಆಮೇಲೆ ಇಸ್ತ್ರಿಯಾಗುವುದರಿಂದ ಎಲ್ಲರ ಗಂಟುಗಳೂ ಬೆರೆತುಹೋಗುತ್ತವೆ. ಸಂಜೆ ಅತ್ತೆ ಒಂದೊಂದನ್ನೇ ಮೂಗಿಗೆ ಹಿಡಿದು ವಿಂಗಡಿಸುತ್ತಾಳೆ: ಇದು ಡಾಕ್ಟರದು, ಲವಂಗದೆಣ್ಣೆ. ಇದು ಮೇಷ್ಟ್ರದು, ಸೀಮೆಸುಣ್ಣ. ಇದು ಗುಮಾಸ್ತರದು, ಏನೂ ಇಲ್ಲ. ಯಾವ ವಾಸನೆಯೂ ಇಲ್ಲದಿರುವುದೇ ಗುಮಾಸ್ತರ ವಾಸನೆ. ಇಪ್ಪತ್ತು ವರ್ಷದಲ್ಲಿ ಆ ಮೂಗು ಒಂದು ಕರ್ಚೀಫನ್ನೂ ತಪ್ಪಿ ಕೊಟ್ಟಿರಲಿಲ್ಲ.

ಆ ಸಂಜೆ ಅವಳು ಮೊದಲನೇ ಅಂಗಿ ಮೂಸಿದಳು. ಎರಡನೆಯದು ಮೂಸಿದಳು. ಏಳನೆಯದನ್ನು ಮೂಸಿ ಕುರ್ಚಿಯಲ್ಲಿ ಕುಸಿದಳು.

“ಲೋ ಪಾಪಿ! ನಲವತ್ತು ಬಟ್ಟೆ, ಎಲ್ಲಾ ಒಬ್ಬಂದೇ!”

ಮಣಿಕಟ್ಟಿನ ಸೆಂಟು ಬೋಗುಣಿಯ ನೀರಿಗಿಳಿದು, ಚಿಮುಕಿಸಿದ ನೀರಿನ ಜೊತೆ ಬಟ್ಟೆಗಿಳಿದು, ಇಸ್ತ್ರಿಯ ಬಿಸಿಗೆ ನೂಲುನೂಲಿಗೂ ಕೂತಿತ್ತು. ಬಾಗಿಲಲ್ಲಿ ಆಗಲೇ ಗಿರಾಕಿಗಳ ಸಾಲು. ಸುದ್ದಿ ಕೇಳಿ ಬಂದ ಭಾವ ರಾಶಿಯನ್ನು ನೋಡಿ “ಹೂಂ” ಎಂದ. ಆಮೇಲೆ ದಿನದ ನಾಲ್ಕನೇ ಮಾತನ್ನೂ ಖರ್ಚು ಮಾಡಿದ: “ಅಳತೆ ನೋಡಿ ಕೊಡೋಣ.” ಕೊಟ್ಟ. ಮೇಷ್ಟ್ರ ಪ್ಯಾಂಟು ಗ್ಯಾರೇಜಿನವನ ಕೈಗೆ ಹೋಯಿತು.

“ಇದನ್ನ ಹಾಕ್ಕೊಂಡ್ರೆ ಒಳಗೆ ಇನ್ನೊಬ್ಬ ಬಾಡಿಗೆಗಿರಬಹುದು!” ಎಂದು ಅವನು ಎತ್ತಿ ಹಿಡಿದ. ಸಾಲು ನಕ್ಕಿತು. ಅತ್ತೆ ನಗಲಿಲ್ಲ. ಅದೇ ಏಳನೇ ಅಂಗಿಯನ್ನು ಮತ್ತೆ ಮತ್ತೆ ಮೂಗಿಗೆ ಹಿಡಿಯುತ್ತಿದ್ದಳು. ರೇಡಿಯೋ ಅದನ್ನು ಕಂಡ. ಕುರ್ಚಿ ಹಾಳಾಗಿ ಹೋಗಲಿ, ಈ ಮೂಗಿಗೆ ಅವಮಾನವಾಗಬಾರದು.

ಅವನು ಮುಂದೆ ಬಂದು ರಾಶಿಗೆ ಕೈ ಹಾಕಿದ. ಆರು ವರ್ಷ ಒಂದೊಂದು ಮಡಿಕೆಯ ಮೇಲೂ ಓಡಾಡಿದ ಕೈ ಅದು. ಸೊಂಟವನ್ನು ಎರಡು ಸಲ ಬಿಚ್ಚಿ ಅಗಲ ಮಾಡಿದ್ದು ಮೇಷ್ಟ್ರದು. ಒಳಜೇಬಿಗೆ ಮಗಳ ಹಳೇ ಲಂಗದ ಬಟ್ಟೆ ಹೊಲಿದಿದ್ದು ಡಾಕ್ಟರದು. ಕಾಲರನ್ನು ತಿರುವಿ ಹೊಲಿದಿದ್ದು, ಹೊರಗೆ ದೊಡ್ಡ ಸಾಹೇಬನಂತೆ ಬೀಗುವ ವಿಮೆ ಏಜೆಂಟನದು. ಎಂತೆಂಥ ಸುದ್ದಿಗಳು! ಒಂದೊಂದೂ ನಾಲಗೆಯ ತುದಿಗೆ ಬಂದು ಕುಣಿದು ಹೋಯಿತು. ಹೇಳಿದ್ದರೆ ಸಾಲು ಉರುಳಾಡಿ ನಗುತ್ತಿತ್ತು. ಆದರೆ ಆ ಏಜೆಂಟನ ಕಣ್ಣು ತನ್ನ ಕಾಲರಿನ ಮೇಲೇ ನೆಟ್ಟಿತ್ತು. ರೇಡಿಯೋ ಕಾಲರನ್ನು ಒಳಮಡಿಕೆಗೆ ಹಾಕಿ ಕೊಟ್ಟ.

“ನಿಮ್ದು ಸಾರ್. ಇದು ನಿಮ್ದು ಮೇಷ್ಟ್ರೇ.”

ಅರ್ಧ ಗಂಟೆಯಲ್ಲಿ ರಾಶಿ ಕರಗಿತು.

“ಹೇಗೋ ಗೊತ್ತಾಯ್ತು ನಿಂಗೆ?” ಎಂದು ಅತ್ತೆ ಕೇಳಿದಳು.

“ಗೊತ್ತಾಯ್ತು.”

“ಅದೇ, ಹೇಗೆ?”

“ಗೊತ್ತಾಯ್ತತ್ತೆ.”

ಅತ್ತೆ ಅವನ ಹಣೆ ಮುಟ್ಟಿ ನೋಡಿದಳು.

ಗುರುವಾರ ಮಧ್ಯಾಹ್ನ ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಲು ಒಳಗೆ ಹೋಗಿದ್ದಾಗ ಗುಮಾಸ್ತರು ಬಂದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಅಂಗಿಯೊಂದನ್ನು ಮೇಜಿನ ಮೇಲಿಟ್ಟರು.

“ಇದಕ್ಕೆ... ಸೋಮವಾರ ಮಾಡಿದ್ರಲ್ಲ, ಆ ಥರ ಮಾಡಿ.”

“ಯಾವ ಥರ ಸಾರ್?”

ಅವರ ಕಿವಿ ಕೆಂಪಾಯಿತು. “ಇಪ್ಪತ್ತೆಂಟು ವರ್ಷ ಆಯ್ತಪ್ಪ ಮದುವೆಯಾಗಿ. ಮೊನ್ನೆ ಮೊದಲನೇ ಸಲ ನಮ್ಮನೆಯವಳು ‘ಎಲ್ಲಿಗೆ ಹೋಗಿದ್ರಿ?’ ಅಂತ ಅನುಮಾನದಿಂದ ಕೇಳಿದ್ಲು. ಮೂರು ಸಲ ಕೇಳಿದ್ಲು!” ಆ ಸಪ್ಪೆ ಮುಖದಲ್ಲಿ ಹದಿನೆಂಟರ ಹುಡುಗನೊಬ್ಬ ಇಣುಕಿ ಹೋದ. “ಯಾರಿಗೂ ಹೇಳ್ಬೇಡ ಮಾರಾಯ.”

ರೇಡಿಯೋ ಬಾಯಿ ತೆರೆದ. ಮುಚ್ಚಿದ. ತಲೆಯಾಡಿಸಿದ.

“ಯಾರೋ ಬಂದಿದ್ದು?” ಎಂದು ಅತ್ತೆ ಒಳಗಿಂದ ಕೂಗಿದಳು.

“ಗುಮಾಸ್ತ್ರು.”

“ಏನಂತೆ?”

ಗಂಟಲಲ್ಲಿ ಅಷ್ಟು ದೊಡ್ಡ ಸುದ್ದಿ. ನುಂಗಿದ. “ಗುಂಡಿ ಸಡಿಲ ಆಗಿತ್ತಂತೆ.”

ಸೀಸೆಯ ತಳದಲ್ಲಿ ಉಳಿದಿದ್ದನ್ನೆಲ್ಲ ಆ ಅಂಗಿಗೇ ಮುಗಿಸಿದ.

ಮಂಡಿನೋವೆಂದು ಆ ಸಂಜೆ ಬಿಟ್ಟಿದ್ದ ರಾಶಿಯನ್ನು ವಿಂಗಡಿಸಲು ಅತ್ತೆ ಮರುದಿನ ಬೆಳಿಗ್ಗೆ ಕೂತಳು. ಡಾಕ್ಟರದು. ಮೇಷ್ಟ್ರದು. ಬಿಳಿ ಅಂಗಿಯೊಂದನ್ನು ಮೂಗಿಗೆ ಹಿಡಿದವಳು ಮತ್ತೊಮ್ಮೆ ಮೂಸಿದಳು. ರಾಶಿಯಲ್ಲಿ ಅದೊಂದೇ ಅಂಗಿಗೆ ಆ ವಾಸನೆ. ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಒಂದೂ ಹೊಸದಾಗಿ ಹಾಕಿದ್ದಲ್ಲ. ಅಳಿಯನ ಮುಖ ನೋಡಿದಳು. ಅಳಿಯ ಸೂರು ನೋಡಿದ.

“ಗುಮಾಸ್ತರದು,” ಎಂದು ಅಂಗಿಯನ್ನು ಪಕ್ಕಕ್ಕಿಟ್ಟಳು. ಸೆರಗಿನ ಗಂಟು ಬಿಚ್ಚಿ ಅಂಗಡಿಯ ಬೀಗದಕೈ ತೆಗೆದು ಮೇಜಿನ ಮೇಲೆ ಇಟ್ಟಳು. “ಮಂಡಿ ನೋಯ್ತಿದೆ. ನಾನು ಮನೆಗೆ ಹೋಗ್ತೀನಿ. ಕೂತ್ಕೋ.”

ಅವಳು ಬೀದಿಯ ತಿರುವು ದಾಟುವವರೆಗೂ ರೇಡಿಯೋ ಕುರ್ಚಿಯಲ್ಲಿ ಗಂಭೀರವಾಗಿ ಕೂತಿದ್ದ. ದಾಟಿದ ಮೇಲೆ ಹಿಂದಿನ ಕೋಣೆಗೆ ಓಡಿ, ಬಾಗಿಲು ಹಾಕಿಕೊಂಡು, ಗುಮಾಸ್ತರ ಇಡೀ ಕಥೆಯನ್ನು ಒಂದೇ ಉಸಿರಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಹೇಳಿ ಮುಗಿಸಿದ.