ಚೀಟಿ ಯಜಮಾನರು

"ಕನ್ನಡಕ ಕೊಟ್ಟುಬಿಡಿ ಭಾವ. ಇನ್ನು ಅಕ್ಕನಿಗೆ ಯಾಕೆ?" ಎಂದು ನಾದಿನಿ ಕೈ ಚಾಚಿದಳು.

ಅವನು ಕೊಡಲಿಲ್ಲ. ಹೆಂಡತಿಯ ಕನ್ನಡಕದ ಗಾಜನ್ನು ಅಂಗಿಯ ಅಂಚಿನಿಂದ ಎರಡು ಸಲ ಒರೆಸಿ, ಕಡ್ಡಿ ಬಿಡಿಸಿ, ಅವಳ ಕಿವಿಗಳ ಹಿಂದೆ ಮೆಲ್ಲಗೆ ಸಿಕ್ಕಿಸಿದ. ಎಡಗಡೆ ಕೊಂಚ ಮೇಲಾಯಿತು. ಅದನ್ನೂ ಸರಿಮಾಡಿದ.

"ಇರಲಿ ಬಿಡು," ಎಂದ. "ಅದಿಲ್ಲದಿದ್ದರೆ ಅವಳು ಅವಳ ಹಾಗೆ ಕಾಣಲ್ಲ."

ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೆರಡಕ್ಕೆ ಬರುವುದಿತ್ತು. ಈಗ ಹತ್ತೂವರೆ. ನಡುಮನೆಯಲ್ಲಿ ಬಾಡಿಗೆಗೆ ತಂದ ಇಪ್ಪತ್ತು ಕುರ್ಚಿ ಹಾಕಿದ್ದರು. ಏಳರಲ್ಲಿ ಮಾತ್ರ ಜನ ಕೂತಿದ್ದರು. ಎಲ್ಲರೂ ಅಕ್ಕಪಕ್ಕದವರೇ. ಅವರು ಗಡಿಯಾರ ನೋಡುತ್ತಿದ್ದರು, ಆಮೇಲೆ ನೋಡಿದ್ದಕ್ಕೆ ನಾಚಿ ನೆಲ ನೋಡುತ್ತಿದ್ದರು. ತಪ್ಪು ಅವರದಲ್ಲ. ಮೂವತ್ತು ವರ್ಷಗಳಲ್ಲಿ ಅವಳು ಈ ಬೀದಿಗೆ ಪರಿಚಯವಾಗಿದ್ದದ್ದು ಚಕ್ರದ ಪೆಟ್ಟಿಗೆಯ ಸದ್ದಾಗಿ ಮಾತ್ರ. ಸೋಮವಾರ ಬೆಳಿಗ್ಗೆ ಗಡಗಡ ಎಂದು ಹೋಗುತ್ತಿತ್ತು, ಶುಕ್ರವಾರ ಸಂಜೆ ಗಡಗಡ ಎಂದು ಬರುತ್ತಿತ್ತು.

"ಇಪ್ಪತ್ತು ಜಾಸ್ತಿ ಆಯ್ತು ಅಪ್ಪಾ," ಎಂದು ಮಗಳು ಕಿವಿಯಲ್ಲಿ ಹೇಳಿದಳು. ಅವಳ ಕಣ್ಣು ಊದಿಕೊಂಡಿತ್ತು.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ವ್ಯಾನು ನಿಂತಿತು. ಅದರಿಂದ ಒಬ್ಬೊಬ್ಬರಾಗಿ ಹದಿನಾಲ್ಕು ಜನ ಇಳಿದರು. ಹೆಂಗಸರು, ಗಂಡಸರು, ಕೆಲವರ ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ ಇನ್ನೂ ಹಾಗೇ ಇತ್ತು. ಬೆಳಗಿನ ಜಾವದಿಂದ ಪ್ರಯಾಣ ಮಾಡಿದವರ ಮುಖ. ಯಾರೂ ಹೇಳಿಕೊಡದೆ ಬಾಗಿಲಲ್ಲಿ ಸಾಲಾಗಿ ನಿಂತು ಒಳಗೆ ಬಂದರು. ಮಂಚದ ಮೇಲಿದ್ದ ಅವಳ ಮುಂದೆ ಬಂದಾಗ ಒಬ್ಬೊಬ್ಬರೂ ಒಂದು ಗಳಿಗೆ ನಿಂತರು.

ಎಲ್ಲರಿಗಿಂತ ಹಿರಿಯನಾದವನ ಬಲಗೈ ಮೇಲೆ ಹಳೆಯ ಸುಟ್ಟ ಕಲೆಗಳಿದ್ದವು. ಎರಕದ ಕಾರ್ಖಾನೆಯ ಮೇಸ್ತ್ರಿ ಎಂದು ಪರಿಚಯ ಹೇಳಿಕೊಂಡ. ಆಮೇಲೆ ಅವಳ ಗಂಡನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮುಖವನ್ನೇ ದಿಟ್ಟಿಸಿದ.

"ನೀವೇ ಅಲ್ವಾ ಚೀಟಿ ಯಜಮಾನ್ರು?"

"ಏನು?"

"ಚೀಟಿ ಯಜಮಾನ್ರು! ಲೋ, ಇವರೇ ಕಣ್ರೋ!" ಹಿಂದೆ ನಿಂತವರೆಲ್ಲ ಕತ್ತು ಚಾಚಿ ನೋಡಿದರು.

ನಾದಿನಿ ಗಾಬರಿಯಾಗಿ ಅವನ ಪಕ್ಕಕ್ಕೆ ಬಂದಳು. "ಭಾವ, ನೀವೇನಾದ್ರೂ ಚೀಟಿಗೀಟಿ ನಡೆಸ್ತಿದ್ರಾ? ಅಷ್ಟು ಜನ ಹುಡುಕ್ಕೊಂಡು ಬಂದಿದ್ದಾರೆ!"

* * *

ಅವನು ನಡೆಸಿದ್ದು ಬೇರೆ ಚೀಟಿ.

ಆಗ ಅವನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ. ಕರಡು ತಿದ್ದುವವನೆಂದು ಅಲ್ಲಿನವರು ಅವನಿಗೆ 'ಕರಡಿ' ಎಂದೇ ಹೆಸರಿಟ್ಟಿದ್ದರು. ಆ ಕಡ್ಡಿಯಂಥ ಮೈಗೆ ಅದು ತಕ್ಕ ಹೆಸರೇನಲ್ಲ. ಅವಳು ಬಲ್ಬಿನ ಕಾರ್ಖಾನೆಯಲ್ಲಿ ತಪಾಸಣೆಗಿದ್ದಳು. ಸಾಲಾಗಿ ಉರಿಯುತ್ತ ಬರುವ ಬಲ್ಬುಗಳಲ್ಲಿ ಮಿಣುಕುವುದನ್ನು ಎತ್ತಿ ಪಕ್ಕಕ್ಕಿಡುವುದು ಅವಳ ಕೆಲಸ. ಅವಳದು ಮಧ್ಯಾಹ್ನದ ಪಾಳಿ. ಅವನು ಕರಡಿನ ಕಟ್ಟು ಹಿಡಿದು ಮನೆಗೆ ಬರುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಗಂಡಹೆಂಡಿರ ಭೇಟಿಯೆಲ್ಲ ಹೊಸ್ತಿಲಲ್ಲೇ.

ಮಗಳಿಗೆ ಮೂರು ವರ್ಷ, ಉಬ್ಬಸ. ಒಂದು ದಿನ ಅವನು ಕೊಂಚ ಬೇಗ ಬಂದು ಔಷಧಿ ಕುಡಿಸಿ, ಹೊಸ್ತಿಲಲ್ಲಿ "ಔಷಧಿ ಆಯ್ತು" ಎಂದ. ಅವಳಿಗೆ ಅದು "ಔಷಧಿ ಆಯ್ತಾ?" ಎಂದು ಕೇಳಿಸಿತು. ಒಳಗೆ ಹೋಗಿ ಇನ್ನೆರಡು ಚಮಚ ಕುಡಿಸಿ ಕೆಲಸಕ್ಕೆ ಹೋದಳು. ಮಗು ಮಾರನೆಯ ಮಧ್ಯಾಹ್ನದವರೆಗೆ ಸರಿಯಾಗಿ ಕಣ್ಣು ಬಿಡಲಿಲ್ಲ. ವೈದ್ಯರು ಪ್ರಾಣಭಯವಿಲ್ಲ ಎಂದರೂ ಇಬ್ಬರೂ ಹಾಸಿಗೆಯ ಬದಿಯಿಂದ ಕದಲಲಿಲ್ಲ.

ಅಂದಿನಿಂದ ಅವನು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸತೊಡಗಿದ. ಕರಡಿನ ಕಾಗದದ ಅಂಚು ಹರಿದು, ಅದರ ಮೇಲೆ ಕೆಂಪು ಶಾಯಿಯಲ್ಲಿ: "ನಾಲ್ಕು ಗಂಟೆ. ಎರಡು ಚಮಚ. ಕೆಮ್ಮು ಕಡಿಮೆ. ಕೊಟ್ಟವನು — ಕರಡಿ." ಅವಳು ಕೆಳಗೆ ಬರೆಯುತ್ತಿದ್ದಳು: "ನೋಡಿದೆ." ಕೆಲವು ದಿನ ಇನ್ನೊಂದು ಸಾಲೂ ಇರುತ್ತಿತ್ತು: "ಕರಡಿಗೆ ಊಟ ಆಯಿತೇ?" ಅದಕ್ಕೆ ಅವನು ಬರೆಯುತ್ತಿದ್ದ: "ಇಲ್ಲ. ಕಾಯುತ್ತಿದೆ."

ಆಮೇಲೆ ಬಲ್ಬಿನ ಕಾರ್ಖಾನೆಯವರಿಗೆ ಗುಣಮಟ್ಟದ ಪ್ರಮಾಣಪತ್ರ ಬೇಕಾಯಿತು. ದಪ್ಪ ದಪ್ಪ ಕಡತ ಹೊತ್ತು ಯಾರೋ ಬಂದರು. ಆ ನಿಯಮಗಳ ತಲೆಬುಡ ಕಾರ್ಖಾನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಇವಳೊಬ್ಬಳಿಗೆ ತಿಳಿಯಿತು. ಕಾರ್ಖಾನೆಗೆ ಪ್ರಮಾಣಪತ್ರ ಸಿಕ್ಕಿತು. ಇವಳಿಗೆ ಹುಚ್ಚು ಹಿಡಿಯಿತು. ಲೆಕ್ಕಪರಿಶೋಧಕರು ಲೆಕ್ಕ ನೋಡುವ ಹಾಗೆ ಕೆಲಸವನ್ನೇ ಪರಿಶೀಲಿಸುವ ಆಡಿಟರ್ ಪರೀಕ್ಷೆಗೆ ಕೂತು ಒಮ್ಮೆ ನಪಾಸಾದಳು, ಮತ್ತೆ ಕೂತು ಪಾಸಾದಳು. ಸಣ್ಣಪುಟ್ಟ ಕಾರ್ಖಾನೆಗಳಿಗೆ ದಾರಿ ತೋರಿಸಲು, ಅಲ್ಲಿನ ಜನಕ್ಕೆ ಪಾಠ ಹೇಳಲು ಊರೂರು ಸುತ್ತತೊಡಗಿದಳು. ಅಡುಗೆಮನೆಯ ಗೋಡೆ ಬರಿದಾಯಿತು.

* * *

"ನಮಗೆ ಓದುಬರಹ ಅಷ್ಟಕ್ಕಷ್ಟೇ ಯಜಮಾನ್ರೇ," ಎಂದು ಮೇಸ್ತ್ರಿ ಕುರ್ಚಿ ಎಳೆದುಕೊಂಡು ಹೇಳತೊಡಗಿದ. ಇಪ್ಪತ್ತು ಕುರ್ಚಿಗಳೂ ತುಂಬಿ, ಮಗಳು ಚಾಪೆ ಹಾಸುತ್ತಿದ್ದಳು. "ಕುಲುಮೆ ಎಷ್ಟು ಹೊತ್ತು ಉರೀತು, ಯಾವಾಗ ಸುರಿದ್ವಿ, ಎಲ್ಲ ಬರ್ದಿಡಿ ಅಂದ್ರೆ ಯಾರಿಗೆ ಬೇಕಾಗಿತ್ತು! ಇಪ್ಪತ್ತು ವರ್ಷದಿಂದ ಸುರೀತಿದ್ದೀನಿ, ನಂಗೆ ಗೊತ್ತಿಲ್ವಾ ಅಂತ ಎಗರಾಡ್ಬಿಟ್ಟೆ. ಮೇಡಂ ಸಿಟ್ಟಾಗ್ಲಿಲ್ಲ. ನಿಮ್ಮ ಮಗಳ ಔಷಧಿ ಕತೆ ಹೇಳಿದ್ರು."

"ಔಷಧಿದಾ?"

"ಹ್ಞೂ. 'ಬರೆಯದೆ ಮಾಡಿದ್ದು ಆಮೇಲೆ ಬಂದವನ ಪಾಲಿಗೆ ಮಾಡದೇ ಇದ್ದ ಹಾಗೆ. ಇದನ್ನ ನಂಗೆ ಕಲಿಸಿದ್ದು ಯಾವ ನಿಯಮದ ಪುಸ್ತಕಾನೂ ಅಲ್ಲ, ನಮ್ಮನೆ ಕರಡಿ' ಅಂದ್ರು. ಕೆಂಪು ಶಾಯಿ, ಹರಿದ ಕಾಗದ, ಕರಡಿಗೆ ಊಟ ಆಯ್ತಾ, ಎಲ್ಲಾ ಹೇಳಿದ್ರು! ಇವತ್ತಿಗೂ ನಮ್ಮಲ್ಲಿ ಕುಲುಮೆ ಪುಸ್ತಕಕ್ಕೆ 'ಕರಡಿ ಪುಸ್ತಕ' ಅಂತಾರೆ."

ಹಿಂದೆ ಯಾರೋ ಪಕ್ಕನೆ ನಕ್ಕರು. ಸಾವಿನ ಮನೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಆದರೆ ನಗು ಅಂಟುರೋಗ. ಮಗಳೂ ನಕ್ಕಳು, ನಕ್ಕು ಅತ್ತಳು.

ಅವನಿಗೆ ಹಿಗ್ಗಾಯಿತು. ಹಿಗ್ಗಿನ ಬೆನ್ನಿಗೇ ಹಳೆಯ ಕೊರಗು ಎದ್ದಿತು. ಇಷ್ಟೆಲ್ಲ ಮಾತಾಡುತ್ತಿದ್ದಳೇ? ಮನೆಗೆ ಬಂದಾಗ ಅವಳ ಬಾಯಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ಊಟಕ್ಕೆ ಕೂತು ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಕಂಡವರಿಗೆಲ್ಲ ಕೊಟ್ಟು ಮಿಕ್ಕ ಹೆಂಡತಿ ತನ್ನ ಪಾಲಿಗೆ ಬಂದಳು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಹಾಗೆ ಕೊಟ್ಟದ್ದರಲ್ಲಿ ತಾನೂ ಇದ್ದೆನೆಂದು ಇವತ್ತು, ಅವಳು ಕೇಳಿಸಿಕೊಳ್ಳಲಾರದ ದಿನ, ಗೊತ್ತಾಯಿತು.

"ಇನ್ನೇನು ಹೇಳ್ತಿದ್ಲು?" ಎಂದು ಕೇಳಿದ. ಹಸಿದವನು ಇನ್ನೊಂದು ತುತ್ತು ಕೇಳುವ ದನಿಯಲ್ಲಿ.

ಮೇಸ್ತ್ರಿ ಪಕ್ಕದ ಹೆಂಗಸಿನ ಕಡೆ ನೋಡಿದ. ಸುಮಾರು ನಲವತ್ತರ ಆಕೆ ಸಿರಿಂಜು ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗದ ಮುಖ್ಯಸ್ಥೆ. ಇವನ ಹೆಂಡತಿಯ ಕೈಕೆಳಗೆ ಕಲಿತು ಪರೀಕ್ಷೆ ಪಾಸಾದವಳು.

"ಅದನ್ನ ಹೇಳ್ಬೋದಾ?" ಎಂದು ಆಕೆ ಮೇಸ್ತ್ರಿಯನ್ನು ಮೆಲ್ಲಗೆ ಕೇಳಿದಳು.

ಯಾವುದನ್ನು ಎಂದು ಅವನು ಕೇಳಲಿಲ್ಲ. ತಾನಾಡಿದ ಒಂದು ಮಾತು ಅವನಿಗೆ ನೆನಪಾಗಿತ್ತು.

* * *

ಮಗಳಿಗೆ ಹದಿನಾಲ್ಕಾದಾಗ ಉಬ್ಬಸ ಮತ್ತೆ ಕೆರಳಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳು ಯಾವುದೋ ದೂರದ ಕಾರ್ಖಾನೆಯಲ್ಲಿ ಕೊನೆಯ ಹಂತದ ಆಡಿಟ್‌ನಲ್ಲಿದ್ದಳು. ಅವನು ಬೆಳಿಗ್ಗೆ ಫೋನು ಮಾಡಿದ. ಮಾರನೆಯ ದಿನ ಸಂಜೆ ಬಂದಳು. ಆಸ್ಪತ್ರೆಯ ಪಡಸಾಲೆಯುದ್ದಕ್ಕೂ ಅದೇ ಗಡಗಡ ಸದ್ದು. ಚಪ್ಪಲಿಯ ಮೇಲೆ ಬಿಳಿ ಸಿಮೆಂಟು ಧೂಳು. ಅಷ್ಟರಲ್ಲಿ ಮಗಳ ಮೂಗಿನಿಂದ ಆಮ್ಲಜನಕದ ನಳಿಕೆ ತೆಗೆದಿದ್ದರು.

ಎರಡು ಹಗಲು ಕಣ್ಣಲ್ಲಿ ಕಣ್ಣಿಟ್ಟು ಕಾದವನು ಅವನು. ಅವಳನ್ನು ಕಂಡ ಕೂಡಲೇ ಹೇಳಿದ:

"ಊರವರ ತಪ್ಪೆಲ್ಲ ಕಾಣುತ್ತೆ ನಿಂಗೆ. ಮನೇದು ಒಂದೂ ಕಾಣಲ್ಲ."

ಅವಳು ಪೆಟ್ಟಿಗೆಯನ್ನು ಗೋಡೆಗೊರಗಿಸಿ ಇಟ್ಟಳು. ಮಂಚದ ಕಾಲಿಗೆ ತೂಗುಹಾಕಿದ್ದ ರೋಗಿಯ ಹಾಳೆಯನ್ನು ತೆಗೆದು, ಮೇಲಿನಿಂದ ಕೆಳಗಿನವರೆಗೆ ಓದಿ, ಇದ್ದ ಹಾಗೇ ತೂಗುಹಾಕಿದಳು. ಆಮೇಲೆ ಮಗಳ ಕಾಲಬಳಿ ಕೂತಳು. ಮುಂದಿನ ತಿಂಗಳು ಮತ್ತೆ ಕೆಲಸಕ್ಕೆ ಹೋದಳು. ಹೋಗದಿದ್ದರೆ ಮನೆ ನಡೆಯುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಅವಳು ಜಗಳವಾಡಲಿಲ್ಲ. ಜೀವಮಾನವೆಲ್ಲ ಬೇರೆಯವರ ತಪ್ಪಕ್ಷರ ತಿದ್ದಿದವನಿಗೆ ತಾನಾಡಿದ ಒಂದು ಸಾಲನ್ನು ಹೊಡೆದುಹಾಕಲು ಆಗಲಿಲ್ಲ. ಇನ್ನೇನು ಮರೆತಿರಬೇಕು ಎಂದುಕೊಳ್ಳುತ್ತಲೇ ಇಪ್ಪತ್ತೆರಡು ವರ್ಷ ಕಳೆದವು.

ಒಂಬತ್ತು ತಿಂಗಳ ಹಿಂದೆ ಅವಳು ಕೆಲಸ ನಿಲ್ಲಿಸಿ ಮನೆಗೆ ಬಂದಳು. ಮೊದಮೊದಲು ಇಬ್ಬರೂ ಒಂದೇ ಮನೆಗೆ ಬಂದ ಇಬ್ಬರು ಬಾಡಿಗೆದಾರರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಡುತ್ತ ಓಡಾಡಿದರು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವಳು ಕೇಳಿಯೇ ತಿಳಿಯಬೇಕಾಗಿತ್ತು. ಒಂದು ದಿನ ಅವನು ಕರಡು ಹಿಡಿದು ಕೂತಿದ್ದಾಗ ಎದುರು ಬಂದು ಕೂತಳು.

"ರೀ, ಇದು ಇಬ್ಬರು ಮಾಡಬೇಕಾದ ಕೆಲಸ ಅಲ್ವಾ? ಒಬ್ರು ಓದಬೇಕು, ಇನ್ನೊಬ್ರು ನೋಡಬೇಕು."

"ಅಚ್ಚುಕೂಟದಲ್ಲಿ ಹಾಗೇ. ಮನೇಲಿ ಯಾರಿದ್ದರು?"

"ಈಗ ಇದ್ದೀನಲ್ಲ."

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಮೂಲಪ್ರತಿ ಹಿಡಿದು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ ಜೋರಾಗಿ ಓದುತ್ತಿದ್ದಳು. ಅವನು ಕರಡಿನಲ್ಲಿ ಕಣ್ಣಾಡಿಸುತ್ತಿದ್ದ. ಕೃಷಿ ಕೈಪಿಡಿ, ವ್ಯಾಕರಣ, ಯಾರೋ ನಿವೃತ್ತರ ಆತ್ಮಕತೆ, ಏನು ಬಂದರೂ ಅದೇ ದನಿ. ಅವನು ಬೇಕೆಂದೇ ನಿಧಾನ ಮಾಡುತ್ತಿದ್ದ. "ಇನ್ನೊಂದು ಸಲ ಓದು" ಎನ್ನುತ್ತಿದ್ದ. ನಿನ್ನೆ ಬೆಳಿಗ್ಗೆ ಒಂದು ವಾಕ್ಯದ ಅರ್ಧಕ್ಕೆ ಅವಳ ದನಿ ನಿಂತಿತು. ಅವನು ಪೆನ್ನು ಹಿಡಿದು, ಮುಂದಿನ ಪದಕ್ಕೆ ಕಾದ.

* * *

"ಹೇಳಮ್ಮಾ," ಎಂದ ಅವನು.

ಸಿರಿಂಜಿನ ಹೆಂಗಸು ತಲೆ ತಗ್ಗಿಸಿಯೇ ಹೇಳಿದಳು. "ಪ್ರತಿ ತರಗತಿ ಕೊನೇ ದಿನ ಮೇಡಂ ಒಂದು ಪ್ರಶ್ನೆ ಕೇಳ್ತಿದ್ರು. 'ನಿಮ್ಮಲ್ಲಿ ಬೇರೆಯವರು ಕಂಡುಹಿಡಿದ ದೊಡ್ಡ ತಪ್ಪು ಯಾವುದು, ಎದ್ದುನಿಂತು ಹೇಳಿ' ಅಂತ. ಯಾರು ಹೇಳ್ತಾರೆ! ಆಗ ಅವರೇ ತಮ್ಮದು ಹೇಳ್ತಿದ್ರು. 'ಊರವರ ತಪ್ಪೆಲ್ಲ ಕಾಣುತ್ತೆ ನಿಂಗೆ, ಮನೇದು ಒಂದೂ ಕಾಣಲ್ಲ ಅಂದ್ರು ನಮ್ಮನೆಯವರು. ಇಷ್ಟು ವರ್ಷದಲ್ಲಿ ನನ್ನನ್ನ ಸರಿಯಾಗಿ ಆಡಿಟ್ ಮಾಡಿದೋರು ಒಬ್ಬರೇ' ಅಂತ."

ಮಗಳು ಅವನ ಹೆಗಲ ಮೇಲೆ ಕೈಯಿಟ್ಟಳು. "ನಾನೂ ಅವತ್ತು ಎಚ್ಚರವಾಗೇ ಇದ್ದೆ ಅಪ್ಪಾ," ಎಂದಳು.

"ಸಿಟ್ಟಿನಲ್ಲಿ ಹೇಳ್ತಿದ್ಲಾ?" ಎಂದು ಅವನು ಕೇಳಿದ.

"ಅಯ್ಯೋ, ಇಲ್ಲ ಸಾರ್! ಏನು ಉತ್ತರ ಕೊಟ್ರಿ ಮೇಡಂ ಅಂತ ನಾನೇ ಕೇಳಿದ್ದೆ. 'ಬಾಯಿಮಾತಿನ ಉತ್ತರ ನಮ್ಮ ಕೆಲಸದಲ್ಲಿ ನಡೆಯಲ್ಲ ಕಣೇ, ಮಾಡಿ ತೋರಿಸ್ಬೇಕು. ನಾನಿನ್ನೂ ತೋರಿಸಿಲ್ಲ. ಅದೊಂದು ನನ್ನ ಹೆಸರಲ್ಲಿ ಹಾಗೇ ಉಳಿದಿದೆ' ಅಂದ್ರು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎರಡು ತಿಂಗಳ ಹಿಂದೆ ಫೋನು ಮಾಡಿದ್ದೆ. 'ಶುರು ಮಾಡಿದ್ದೀನಿ, ಕರಡು ಓದ್ತಿದ್ದೀನಿ. ದಿನಾ ಬೆಳಿಗ್ಗೆ ಯಾವಾಗ ಆಗುತ್ತೋ ಅಂತ ಕಾಯ್ತೀನಿ' ಅಂದ್ರು. ಹಾಗಾದ್ರೆ ಆ ತಪ್ಪು ತೀರಿತಾ ಮೇಡಂ ಅಂದೆ. 'ತೀರಿತು ಅಂತ ತಪ್ಪು ಹಿಡಿದವರೇ ಹೇಳ್ಬೇಕು. ಕೇಳೋಕೆ ನಾಚಿಕೆ' ಅಂತ ನಕ್ಕರು."

ತೀರಿತು ಎನ್ನಲು ಅವನಿಗೆ ಒಂಬತ್ತು ತಿಂಗಳ ಬೆಳಗುಗಳಿದ್ದವು. ಒಂದೇ ಒಂದು ಬೆಳಿಗ್ಗೆ, ಯಾವುದೋ ಪೂರ್ಣವಿರಾಮದ ಬಳಿ, ತಲೆಯೆತ್ತಿ ಹೇಳಬಹುದಿತ್ತು. ಅವಳು ನಾಚಿಕೆಯಿಂದ ಕೇಳಲಿಲ್ಲ, ಇವನು ಭಯದಿಂದ ಆ ಮಾತೆತ್ತಲಿಲ್ಲ. ಮೇಜಿನ ಆಚೆ ಅವಳು, ಈಚೆ ಇವನು, ನಡುವೆ ಬೇರೆಯವರ ಪುಸ್ತಕ.

ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ನಾದಿನಿ ಹೂವು ಸರಿಪಡಿಸಲು ಎದ್ದಳು. ಜನ ಎದ್ದೇಳುವ ಸದ್ದು ಶುರುವಾಯಿತು.

"ಒಂದು ನಿಮಿಷ," ಎಂದ ಅವನು. ಎಲ್ಲರೂ ನಿಂತರು. "ಅವಳು ಪಾಠ ಹೇಳೋದನ್ನ ನಾನು ಒಂದು ಸಲವೂ ನೋಡಿಲ್ಲ. ಬಾ ಅಂತ ಅವಳು ಕರೀಲಿಲ್ಲ, ಬರ್ತೀನಿ ಅಂತ ನಾನೂ ಅನ್ನಲಿಲ್ಲ. ಹೇಗೆ ಶುರು ಮಾಡ್ತಿದ್ಲು?"

ಸಿರಿಂಜಿನ ಹೆಂಗಸು ಕಂಗಾಲಾಗಿ ಮೇಸ್ತ್ರಿಯನ್ನು ನೋಡಿದಳು.

"ಮಾಡಿ ತೋರಿಸಮ್ಮ," ಎಂದ ಮೇಸ್ತ್ರಿ. "ನಿಂಗೆ ಚೆನ್ನಾಗಿ ಬರುತ್ತೆ. ಮೇಡಂ ಎದುರಿಗೇ ಮಾಡಿ ಸಿಕ್ಕಿಬಿದ್ದಿದ್ದೆಯಲ್ಲ."

ಆಕೆ ಎದ್ದು, ಖಾಲಿ ಗೋಡೆಯ ಮುಂದೆ ಹೋಗಿ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎಡಗೈ ಬೆನ್ನ ಹಿಂದೆ ಹೋಯಿತು, ತಲೆ ಕೊಂಚ ಓರೆಯಾಯಿತು. ತನ್ನ ಹೆಂಡತಿ ಹಾಗೆ ನಿಲ್ಲುತ್ತಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಬನ್ನಿ, ಬನ್ನಿ," ಎಂದಳು ಆಕೆ. ಪದದ ಕೊನೆಯನ್ನು ಮೇಲೆತ್ತಿ ಬಿಡುವ ಅಮ್ಮನ ಧಾಟಿ ಕೇಳಿ ಮಗಳು ಬೆಚ್ಚಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಿಂದೆ ಯಾಕೆ ಕೂತಿರಿ? ಮುಂದೆ ಬನ್ನಿ. ಹಿಂದಿನ ಸಾಲಿನೋರೇ ನನಗೆ ಬೇಕಾದೋರು."

ಹೊರಗೆ ಗಾಡಿ ಬಂದು ನಿಂತಿತು. ಚಾಲಕ ಗೇಟು ತೆಗೆದು ಅಂಗಳಕ್ಕೆ ಬಂದ. ಬಾಗಿಲಲ್ಲಿದ್ದ ಮಗಳು ತಿರುಗದೆಯೇ ಅವನಿಗೆ ತಡೆಯೆಂದು ಅಂಗೈ ತೋರಿಸಿದಳು.

ಅವನು ಎದ್ದು ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿದ. ಜನ ಕಾಲು ಮಡಚಿ ದಾರಿ ಬಿಟ್ಟರು. ಅವಳ ಮಂಚದ ಪಕ್ಕದಿಂದ ಹಾದು, ಎಲ್ಲರಿಗಿಂತ ಮುಂದೆ, ಗೋಡೆಗೆ ಎದುರಾಗಿ ಕುರ್ಚಿ ಇಟ್ಟು ಕೂತ. ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಕತ್ತೆತ್ತಿ ನೋಡಿದ.