ದೇವರ ಖಾತೆಯ ಇಪ್ಪತ್ತೈದು

ವಾಮದೇವಪ್ಪ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಅವನ ಹೆಂಡತಿ ಬಸವಣ್ಣೆಮ್ಮನಿಗೆ ಇನ್ನೂ ಅಳು ಬಂದಿರಲಿಲ್ಲ. ಬರುತ್ತದೆಂದು ಕಾದ ನೆಂಟರು ಸುಸ್ತಾಗಿ ಊರು ಸೇರಿದ್ದರು. ಹರಿಹರದಲ್ಲಿದ್ದ ಅವಳ ಅಣ್ಣ ಮಾತ್ರ ವಾರಕ್ಕೊಮ್ಮೆ ಬರುತ್ತಿದ್ದ. ಅವತ್ತು ಬಂದವನು ದೊಡ್ಡ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದ.

"ಹದಿನೆಂಟು ರೂಪಾಯಿ ಬಾಡಿಗೆ ಯಾರು ಕಟ್ತಾರೆ? ಹಬ್ಬ ಮುಗೀಲಿ, ಗಾಡಿ ತರ್ತೀನಿ, ನಮ್ಮನೆಗೆ ಬಂದುಬಿಡ್ರಿ. ನಿನ್ನ ಹುಡುಗಿ ಏಳನೇ ಕ್ಲಾಸು ಓದಿದ್ದು ಸಾಕು. ನಿಮ್ಮತ್ತಿಗೆಗೂ ಕೆಲಸಕ್ಕೆ ಆಸರೆ ಆಗ್ತೀರಿ."

"ಹೂಂ" ಎಂದಳು ಬಸವಣ್ಣೆಮ್ಮ.

ಆನೆಕೊಂಡದ ತಿಮ್ಮವ್ವ ಹಾಲು ಕೊಡುವ ಎರಡು ಎಮ್ಮೆಗಳನ್ನು ಕರು ಸಮೇತ ಮಾರುವವಳಿದ್ದಳು. ಆರುನೂರೈವತ್ತು ಹೇಳಿದ್ದಳು. ಎರಡು ಎಮ್ಮೆಯ ಬೆಣ್ಣೆ, ಮಜ್ಜಿಗೆ ಮಾರಿದರೆ ಬಾಡಿಗೆ ಹೋಗಿ ಇಬ್ಬರ ಊಟ, ಹುಡುಗಿಯ ಶಾಲೆ ನಡೆಯುತ್ತಿತ್ತು. ಈ ಲೆಕ್ಕ ಆಸೆಯಿಂದ ಬಂದದ್ದಲ್ಲ. ಪಾತ್ರೆ ತೊಳೆಯುವಾಗ ತಾನಾಗಿ ಬಂತು, ತಲೆಯಲ್ಲೇ ಉಳಿಯಿತು. ಆರುನೂರೈವತ್ತು ಎಲ್ಲಿಂದ ಬರಬೇಕು ಎಂಬುದೊಂದೇ ಗೊತ್ತಿರಲಿಲ್ಲ.

ದೀಪಾವಳಿಗೆ ಹೊಸ ಪುಸ್ತಕ ಹಾಕುವ ಮೊದಲು ಹಳೆಯ ಪಾಲು ಮುಗಿಸಬೇಕೆಂದು ಶಿವಯೋಗಪ್ಪ ಹೇಳಿ ಕಳಿಸಿದ. ವಾಮದೇವಪ್ಪನೂ ಅವನೂ ಸೇರಿ ಹದಿನಾಲ್ಕು ವರ್ಷ ಹತ್ತಿ ದಲಾಲಿ ಅಂಗಡಿ ನಡೆಸಿದ್ದರು.

"ಬಾ ತಂಗಿ, ಕೂಡು" ಎಂದ ಶಿವಯೋಗಪ್ಪ. "ಹಾಲೇಶಪ್ಪ, ಓದು."

ಗುಮಾಸ್ತ ಹಾಲೇಶಪ್ಪ ಕನ್ನಡಕ ಏರಿಸಿ ಓದತೊಡಗಿದ. ವಾಮದೇವಪ್ಪನ ಪಾಲು, ಲಾಭ, ಎರಡು ವರ್ಷದ ಲುಕ್ಸಾನು. ಆಮೇಲೆ ಮನೆಖರ್ಚು: ಎಣ್ಣೆ, ಜೋಳ, ಸೀರೆ, ಶಾಲೆ ಫೀಜು, ಅತ್ತೆಯ ಕಾಯಿಲೆ. ಮನೆಗೆ ತಿಂಗಳಿಗೆ ಇಷ್ಟು ಎಂದು ವಾಮದೇವಪ್ಪ ಯಾವತ್ತೂ ತೆಗೆದಿಟ್ಟವನಲ್ಲ. ಮನೆಗೆ ಬೇಕಾದಾಗ ಗಲ್ಲಾಕ್ಕೆ ಕೈ ಹಾಕುತ್ತಿದ್ದ, ಅಂಗಡಿಗೆ ಬೇಕಾದಾಗ ಮನೆಯಿಂದ ತರುತ್ತಿದ್ದ. ಮೊದಲನೆಯದು ಪೈಸೆ ಬಿಡದೆ ಅವನ ಹೆಸರಿಗೆ ಹತ್ತಿತ್ತು. ಎರಡನೆಯದು ಯಾರ ಹೆಸರಿಗೂ ಹತ್ತಿರಲಿಲ್ಲ.

"ಎಲ್ಲಾ ಕಳೆದು ನಲವತ್ತೊಂದು ರೂಪಾಯಿ" ಎಂದ ಹಾಲೇಶಪ್ಪ, ತಲೆ ಎತ್ತದೆ.

"ನಾನು ಇನ್ನೂರು ಸೇರಿಸ್ತೀನಿ" ಎಂದ ಶಿವಯೋಗಪ್ಪ. "ನನ್ನ ಕೈಲಿ ಇರೋದು ಅಷ್ಟೇ ತಂಗಿ. ಈ ವರ್ಷದ ಮಾರ್ಕೆಟ್ ನಿನಗೂ ಗೊತ್ತೈತೆ."

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಅದು ಅವಳಿಗೆ ಗೊತ್ತಿತ್ತು. "ಆಗ್ಲಿ" ಎಂದಳು.

"ಇನ್ನು ದೇವರ ಖಾತೆ ಒಂದು ಓದಿಬಿಡು. ನಾಳೆ ಮಠಕ್ಕೆ ಮುಟ್ಟಿಸಬೇಕು."

ಮಾರಾಟವಾದ ಹತ್ತಿಯ ಪ್ರತಿ ಅಂಡಿಗೆಗೂ, ಅಂದರೆ ಮೂಟೆಗೂ, ಆರು ಹೊಸ ಪೈಸೆ ದೇವರ ಹೆಸರಿಗೆ ಬರೆಯುವುದು ಅಂಗಡಿಯ ಪದ್ಧತಿ. ಮೂರು ವರ್ಷಕ್ಕೊಮ್ಮೆ ಅಷ್ಟನ್ನೂ ಮಠದ ದಾಸೋಹಕ್ಕೆ ಕೊಡುತ್ತಿದ್ದರು. ಹಾಲೇಶಪ್ಪ ಓದಿದ. ನಾಲ್ಕು ರೂಪಾಯಿ ಮೂವತ್ತೆರಡು. ಒಂಬತ್ತು ರೂಪಾಯಿ ಆರು. ಇಪ್ಪತ್ತೈದು. ಎರಡು ರೂಪಾಯಿ ಎಪ್ಪತ್ತು. ಏಳು ರೂಪಾಯಿ ಇಪ್ಪತ್ತು. ಇಪ್ಪತ್ತೈದು.

ಗೋಡೆಯ ಕಡೆ ನೋಡುತ್ತಿದ್ದ ಬಸವಣ್ಣೆಮ್ಮ ಕೇಳಿದಳು. "ಅದೇನು ಇಪ್ಪತ್ತೈದು, ಮತ್ತೆ ಮತ್ತೆ?"

"ತಿಂಗಳಿಗೊಂದ್ಸಲ ಐತ್ರಿ ಅಮ್ಮಾರೆ."

"ಅಂಡಿಗೆಗೆ ಆರು ಪೈಸೆ ಅಂದ್ರೆ ಇಪ್ಪತ್ತೈದು ರೂಪಾಯಿ ಹೆಂಗೆ ಬರ್ತದೆ? ಆರರಿಂದ ಭಾಗ ಹೋಗಲ್ಲ."

ಶಿವಯೋಗಪ್ಪ ಅವಳ ಮುಖ ನೋಡಿದ. ಹಾಲೇಶಪ್ಪ ಹಾಳೆ ಹಿಂದಕ್ಕೆ ತಿರುವುತ್ತ ಹೋದ. ಮೊದಲ ಇಪ್ಪತ್ತೈದು ೧೯೫೯ರ ಮೇ ತಿಂಗಳದ್ದು. ಕೊನೆಯದು ಹೋದ ತಿಂಗಳು, ಸೆಪ್ಟೆಂಬರ್. ಎಣಿಸಿದರೆ ಇಪ್ಪತ್ತೊಂಬತ್ತು.

"ಅದರ ಹಿಂದಿನ ಏಪ್ರಿಲ್‌ನಾಗೆ, ಅಂಗಡಿ ಖಾತೆಯಾಗೆ, ಹರಿಹರದಿಂದ ಅಂತ ಏನಾದ್ರೂ ಐತೇನು ನೋಡ್ರಿ" ಎಂದಳು ಬಸವಣ್ಣೆಮ್ಮ.

ಇತ್ತು. 'ಹರಿಹರದಿಂದ ಜಮಾ, ಒಂಬೈನೂರು.' ಯಾರ ಹೆಸರೂ ಇರಲಿಲ್ಲ.

"ಅದು ನಿಮ್ಮಣ್ಣ ಕೊಟ್ಟಿದ್ದಲ್ವಾ?" ಎಂದ ಶಿವಯೋಗಪ್ಪ. "ಅವತ್ತು ರೈತರು ದುಡ್ಡಿಗೆ ಬಾಗಿಲಾಗೆ ಕುಂತಿದ್ರು. ವಾಮದೇವ ಮಧ್ಯಾಹ್ನದ ಬಸ್ಸಿಗೆ ಹೋಗಿ ತಂದ, ಮರ್ಯಾದೆ ಉಳೀತು. ಆಮೇಲೆ ತೀರಿಸಿರ್ತಾನೆ ಅನ್ಕಂಡಿದ್ದೆ."

"ನನ್ನ ಬಳೆ ಅವು. ನಾಲ್ಕು. ಇಲ್ಲಿ ಮಾರಿದ್ರೆ ಅಂಗಡಿ ಮುಳುಗೈತೆ ಅಂತ ಸಂಜೆ ಹೊತ್ತಿಗೆ ಪೇಟೆಗೆಲ್ಲ ಗೊತ್ತಾಗ್ತದೆ ಅಂದ್ರು. ಅದಕ್ಕೆ ಹರಿಹರಕ್ಕೆ ಹೋಗಿ ಮಾರಿದ್ರು. ತಿಂಗಳಿಗೆ ಇಷ್ಟು ಅಂತ ತೀರಿಸ್ತೀನಿ ಅಂದಿದ್ರು. ಎಲ್ಲಿ ಇಡ್ತಾರೆ ಅಂತ ನಾನು ಕೇಳ್ಲಿಲ್ಲ."

ಶಿವಯೋಗಪ್ಪ ಪುಸ್ತಕ ತನ್ನ ಕಡೆ ಎಳೆದುಕೊಂಡು ಆ ಸಾಲನ್ನು ತಾನೇ ಓದಿದ. ನಂತರ ಗುಮಾಸ್ತನ ಕಡೆ ತಿರುಗಿದ. "ನಿನಗೇನು ಹೇಳಿದ್ದನೋ?"

"ಒಂದ್ಸಲ ಅಂದಿದ್ರು ರೀ. 'ಅಲ್ಲಿ ಇಟ್ರೆ ನಾನೂ ಮುಟ್ಟಂಗಿಲ್ಲ, ಶಿವಯೋಗಣ್ಣನೂ ಮುಟ್ಟಂಗಿಲ್ಲ' ಅಂತ. ಯಾರದ್ದು ಅಂತ ಹೇಳ್ಲಿಲ್ಲ. ಹರಕೆ ಇರಬೇಕು ಅನ್ಕಂಡೆ."

"ನೋಡಿದ್ಯಾ ತಂಗಿ. ಈಗ ನಾನು ಹೆಂಗೆ ಮುಟ್ಲಿ? ಆ ಪುಟದಿಂದ ಮನುಷ್ಯರಿಗೆ ದುಡ್ಡು ಹೋದದ್ದು ನಮ್ಮಪ್ಪನ ಕಾಲದಿಂದ ಇಲ್ಲ. ನೀನು ಸುಳ್ಳು ಹೇಳ್ತೀಯ ಅನ್ನಲ್ಲ. ಆದ್ರೆ ಬರೀ ಮಾತಿನ ಮೇಲೆ ನನ್ನ ಕೈ ಏಳಲ್ಲ."

"ಬಳೆ ಕೊಂಡ ಹರಿಹರದ ಪತ್ತಾರನ ಹತ್ರ ಲೆಕ್ಕದ ಚೋಪಡಿ ಇರ್ತದೆ" ಎಂದಳು ಬಸವಣ್ಣೆಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಮರುದಿನ ಅವಳೂ ಹಾಲೇಶಪ್ಪನೂ ಬಸ್ಸಿನಲ್ಲಿ ಹರಿಹರಕ್ಕೆ ಹೋದರು. ಪತ್ತಾರನ ಅಂಗಡಿಗೆ ಅಣ್ಣನ ಮನೆಯ ಮುಂದೆಯೇ ಹಾದು ಹೋಗಬೇಕು. ಅತ್ತಿಗೆ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಬಸವಣ್ಣೆಮ್ಮನೂ ನಿಲ್ಲಲಿಲ್ಲ.

ಪತ್ತಾರ ಹಳೆಯ ಚೋಪಡಿ ಹುಡುಕಿ ತೆಗೆದ. ನಾಲ್ಕು ಬಳೆ, ಎಂಟು ತೊಲ, ಸವಕಲು ಕಳೆದು ಒಂಬೈನೂರು. ಕೆಳಗೆ ವಾಮದೇವಪ್ಪನ ರುಜು. ಹಾಲೇಶಪ್ಪ ಅದನ್ನೆಲ್ಲ ಚೀಟಿಗೆ ಇಳಿಸಿಕೊಂಡ. ಬಸವಣ್ಣೆಮ್ಮ ರುಜುವನ್ನು ನೋಡಿದಳು. ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆಯುವುದು ಅವನ ಅಭ್ಯಾಸ. ಈಗಲಾದರೂ ಏನಾದರೂ ಆಗುತ್ತದೆ ಎಂದುಕೊಂಡಳು. ಏನೂ ಆಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಶಿವಯೋಗಪ್ಪ ಚೀಟಿಯನ್ನು ಎರಡು ಸಲ ಓದಿದ. ಪೆಟ್ಟಿಗೆ ತೆಗೆದು ಏಳುನೂರ ಇಪ್ಪತ್ತೈದು ರೂಪಾಯಿ ಎಣಿಸಿದ. ಅವಳ ಕೈಗೆ ಕೊಡಲಿಲ್ಲ. ಗೋಡೆಯ ಗೂಡಿನಲ್ಲಿದ್ದ ವಿಭೂತಿ ತಟ್ಟೆಯ ಪಕ್ಕ ಇಟ್ಟು, ಬೀದಿಯ ಕಡೆ ಮುಖ ಮಾಡಿ ನಿಂತ.

"ನಾನು ಕೊಟ್ಟಂಗೆ ಆಗಬಾರದು. ನೀನೇ ಎತ್ಕಳವ್ವ."

ಅವಳು ಎತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು.

"ಏನಂತ ಬರೀಲಿ?" ಹಾಲೇಶಪ್ಪನ ಪೆನ್ನು ನಿಂತಿತ್ತು.

"ಬಳೆ ಬಾಬ್ತು ಅಂತ ಬರೀರಿ. ಉಳಿದಿದ್ದು ದೇವರದೇ, ಅದನ್ನ ಮಠಕ್ಕೆ ಕಳಿಸ್ರಿ." ಸ್ವಲ್ಪ ತಡೆದು ಅಂದಳು, "ಒಂಬೈನೂರಕ್ಕೆ ಇನ್ನೂ ಏಳು ತಿಂಗಳು ಬಾಕಿ ಐತೆ."

ಶಿವಯೋಗಪ್ಪ ಗಕ್ಕನೆ ಈ ಕಡೆ ತಿರುಗಿದ.

"ಅವರು ಇದ್ದಿದ್ರೆ ಕಟ್ತಿದ್ರು" ಎಂದಳು. "ದುಡ್ಡು ತಿಂದಿದ್ದು ಅಂಗಡಿ, ಅವರಲ್ಲ. ನೂರ ಎಪ್ಪತ್ತೈದು. ನೀವು ಕೊಡ್ತೀನಿ ಅಂದ ಇನ್ನೂರು ನಿಮ್ಮ ಹತ್ರಾನೇ ಇರ್ಲಿ, ಅದು ದಾನ. ಇದು ಲೆಕ್ಕ."

"ಎಲಾ ಇವಳ!" ಶಿವಯೋಗಪ್ಪನಿಗೆ ನಗು ಬಂತು, ಒಂದು ತಿಂಗಳಲ್ಲಿ ಮೊದಲ ಸಲ. "ವಾಮದೇವ ನಿನ್ನನ್ನ ಗಲ್ಲಾದ ಮೇಲೆ ಕೂಡ್ರಿಸಿ ತಾನು ಮನೇಲಿ ರೊಟ್ಟಿ ಬಡೀಬೇಕಿತ್ತು. ಆತು, ತಿಂಗಳಿಗೆ ಇಪ್ಪತ್ತೈದು."

"ದುಡ್ಡು ಬ್ಯಾಡ, ಹತ್ತಿಕಾಳು ಕೊಡ್ರಿ. ಎಮ್ಮೆಗೆ ಬೇಕು. ನಿಮಗೂ ಗಲ್ಲಾದಿಂದ ತೆಗೆಯೋದಕ್ಕಿಂತ ಗೋಡೌನಿಂದ ತೆಗೆಯೋದು ಸಲೀಸು."

"ದೇವರ ಖಾತೆಯಾಗೇ ಬರೀಲೇನ್ರಿ?" ಎಂದ ಹಾಲೇಶಪ್ಪ, ಅಭ್ಯಾಸಬಲದಿಂದ.

"ಬ್ಯಾಡ. ನನ್ನ ಹೆಸರಿಗೊಂದು ಪುಟ ಹಾಕ್ರಿ. ಹೆಸರಿಲ್ಲದ್ದಕ್ಕೇ ಹರಿಹರಕ್ಕೆ ಹೋಗಿ ಬರಂಗಾತು."

ಪಾಡ್ಯದ ದಿನ ಹೊಸ ಪುಸ್ತಕದ ಮೊದಲ ಪುಟ ಎಂದಿನಂತೆ ದೇವರದಾಯಿತು. ಎರಡನೆಯದರಲ್ಲಿ ಹಾಲೇಶಪ್ಪ ದಪ್ಪ ಅಕ್ಷರದಲ್ಲಿ ಬಸವಣ್ಣೆಮ್ಮ ಎಂದು ಬರೆದ.

ಹಬ್ಬ ಮುಗಿದು ಮೂರನೇ ದಿನ ಅಣ್ಣ ಗಾಡಿ ತಂದ. ಹಿತ್ತಿಲಲ್ಲಿ ಎರಡು ಎಮ್ಮೆ ಕಟ್ಟಿದ್ದವು. ಗೋಣಿಚೀಲದ ಹೊಲಿಗೆ ಬಿಚ್ಚಿ ಪಾತ್ರೆಗಳನ್ನು ಗೋಡೆಗೆ ಸಾಲಾಗಿ ಬೋರಲು ಹಾಕಿತ್ತು. ಹುಡುಗಿ ಶಾಲೆಗೆ ಹೋಗಿದ್ದಳು.

"ಪತ್ತಾರ ಹೇಳಿದ" ಎಂದ ಅಣ್ಣ. "ಬಳೆ ಮಾರೋವಾಗ ನನಗೆ ಯಾಕ ಹೇಳ್ಲಿಲ್ಲ? ನಾನು ಕೊಡ್ತಿರ್ಲಿಲ್ವಾ?"

"ನೀನು ಕೊಡ್ತಿದ್ದೆ. ಆಮೇಲೆ ನಿಮ್ಮಾಕೆ ಲೆಕ್ಕ ಕೇಳ್ತಿದ್ಲು."

ಅಣ್ಣ ಗಾಡಿಯ ಕಡೆ ನೋಡಿದ, ಎಮ್ಮೆಗಳ ಕಡೆ ನೋಡಿದ. "ಸುಮ್ನೆ ಹನ್ನೆರಡು ರೂಪಾಯಿ ಗಾಡಿ ಬಾಡಿಗೆ ದಂಡ ಆತು" ಎಂದು ಗೊಣಗಿದ.

"ದಂಡ ಯಾಕ? ಅಂಗಡಿಯಾಗೆ ನನ್ನ ಹತ್ತಿಕಾಳು ಐತೆ, ಈ ತಿಂಗಳದ್ದು. ಹೋಗಿ ಹೇರ್ಕೊಂಡು ಬಾ. ಚೀಲದ ಹೊಲಿಗೆ ನೋಡ್ಕೊಂಡು ತಗೊ."

ಅವನು ಹೋಗಿ ತಂದ. ಬಸವಣ್ಣೆಮ್ಮ ಚೀಲದ ಬಾಯಿ ಬಿಚ್ಚಿ ಎರಡು ಸೇರು ಅಳೆದು ಬಕೆಟ್ಟಿಗೆ ಸುರಿದು ನೀರು ಹಾಕಿದಳು. ಸಂಜೆ ಹಾಲು ಕರೆಯುವ ಮೊದಲು ಅದು ನೆನೆಯಬೇಕಿತ್ತು.