ನಾನು ಬಿಡುವುದು ಇಷ್ಟೇ

ನಾನು ಒಂದು ರೆಗ್ಯುಲೇಟರ್. ಸಿಎನ್‌ಜಿ ಗಾಡಿಗಳಲ್ಲಿ ಸಿಲಿಂಡರಿಗೂ ಎಂಜಿನ್ನಿಗೂ ನಡುವೆ ಕೂರುವ ಅಲ್ಯೂಮಿನಿಯಂ ಡಬ್ಬಿ. ಕಾರ್ಖಾನೆಯಲ್ಲಿ ಅಚ್ಚಿಗೆ ಸುರಿದು ನನ್ನನ್ನು ಮಾಡಿದರು. ಹೊಟ್ಟೆಯೊಳಗೆ ಒಂದು ರಬ್ಬರಿನ ಪರದೆ, ಅದರ ಬೆನ್ನಿಗೆ ಒಂದು ಸ್ಪ್ರಿಂಗು ಇಟ್ಟರು. ನೋಡಲು ನಾನು ಚೆನ್ನಾಗಿಲ್ಲ. ಆಯುಧಪೂಜೆಯ ದಿನವೂ ಹೂವೆಲ್ಲ ಸ್ಟೇರಿಂಗಿಗೇ ಹೋಗುತ್ತದೆ. ಹೋಗಲಿ. ನನ್ನ ಕೆಲಸವನ್ನು ಆ ಸ್ಟೇರಿಂಗಿಗೆ ಒಂದು ಗಳಿಗೆ ಕೊಟ್ಟು ನೋಡಿ.

ಸಿಲಿಂಡರಿನಲ್ಲಿ ಗ್ಯಾಸನ್ನು ಟೈರಿನ ಗಾಳಿಗಿಂತ ನೂರು ಪಟ್ಟು ಒತ್ತಿ ತುಂಬಿರುತ್ತಾರೆ. ಅದು ಹಗಲೂ ರಾತ್ರಿ ನನ್ನನ್ನು ನೂಕುತ್ತಲೇ ಇರುತ್ತದೆ. ಎಂಜಿನ್ನಿನ ಕಡೆ ಒತ್ತಡ ಇಳಿದರೆ ಸ್ಪ್ರಿಂಗು ಪರದೆಯನ್ನು ತಳ್ಳಿ ನನ್ನೊಳಗಿನ ಗ್ಯಾಸಿನ ಬಾಗಿಲು ತೆರೆಯುತ್ತದೆ. ಒತ್ತಡ ಏರಿದರೆ ಪರದೆ ಹಿಂದೆ ಸರಿದು ಬಾಗಿಲು ಮುಚ್ಚುತ್ತದೆ. ಹಿಂದೆ ಎಷ್ಟೇ ಇರಲಿ, ನಾನು ಬಿಡುವುದು ಇಷ್ಟೇ. ಗದರಿಸಿದರೂ ಅಷ್ಟೇ, ಗೋಗರೆದರೂ ಅಷ್ಟೇ.

ಒಂದು ಕಷ್ಟ ಮಾತ್ರ ನನಗಿದೆ. ಒತ್ತಿಟ್ಟ ಗ್ಯಾಸು ಒಮ್ಮೆಗೇ ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತದೆ. ನಾನು ಹೆಪ್ಪುಗಟ್ಟದಿರಲೆಂದು ಎಂಜಿನ್ನಿನ ಬಿಸಿನೀರಿನ ಪೈಪನ್ನು ನನ್ನ ಮೈಗೆ ಜೋಡಿಸಿರುತ್ತಾರೆ.

ನನ್ನನ್ನು ಕೂರಿಸಿದ ವ್ಯಾನು ಮೊದಲು ಒಬ್ಬ ಟ್ಯಾಕ್ಸಿಯವನದಾಗಿತ್ತು. ಪಿಕಪ್ ಸಾಲದೆಂದು ನನ್ನ ಸ್ಕ್ರೂ ತಿರುಗಿಸಿ ತಿರುಗಿಸಿ ಸೋತು ಅವನು ಗಾಡಿಯನ್ನೇ ಮಾರಿದ. ಕೊಂಡವಳು ಮುಳಬಾಗಿಲಿನ ಅಶ್ವತ್ಥಮ್ಮ. ವಾರಕ್ಕೆ ಮೂರು ಬೆಳಗ್ಗೆ ನಾಲ್ಕು ಜನರನ್ನು ಡಯಾಲಿಸಿಸ್‌ಗೆಂದು ಕೋಲಾರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಅವರಲ್ಲಿ ಹಿರಿಯರು ಮುನಿಶಾಮಪ್ಪ. ಐಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿದ್ದರು. ಅದನ್ನು ಬಿಸಿ ಮಾಡಿಸಿ ಫ್ಲಾಸ್ಕಿನಲ್ಲಿ ತಂದು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು.

ಒಂದು ದಿನ ಅಶ್ವತ್ಥಮ್ಮನ ತಮ್ಮ ಚಲಪತಿ ನಾನಿದ್ದ ಮುಂದಿನ ಸೀಟು ಎತ್ತಿ ನೋಡಿದವನು ಹೌಹಾರಿದ.

“ಅಕ್ಕಾ, ಗ್ಯಾಸ್ ಪಕ್ದಾಗೇ ಬಿಸಿನೀರು ಬಿಟ್ಟವ್ರೆ. ಒಂದಿನ ಎಲ್ಲಾ ಸೇರಿ ಹಾರೋಗ್ತೀರ.”

ಅವಳು ಬೇಡವೆನ್ನುವಷ್ಟರಲ್ಲಿ ನನ್ನ ಪೈಪು ಕಿತ್ತು, ಎರಡು ತುದಿಗಳನ್ನೂ ಒಂದಕ್ಕೊಂದು ಜೋಡಿಸಿಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬಾಯಿಲ್ಲದವನು ಏನು ಹೇಳಲಿ?

ಮಾರನೆಯ ಬೆಳಗ್ಗೆ ಕೊರೆಯುವ ಚಳಿ. ಆ ವಾರ ಜ್ವರ ಬಂದು ಮುನಿಶಾಮಪ್ಪನವರಿಗೆ ಒಂದು ಸರದಿ ತಪ್ಪಿತ್ತು. ಕಾಲು ಊದಿತ್ತು, ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು. ಏಳೂವರೆಗೆ ಅವರು ಆಸ್ಪತ್ರೆಯಲ್ಲಿರದಿದ್ದರೆ ಮಷೀನು ಮುಂದಿನವರಿಗೆ. ಅರ್ಧ ದಾರಿಯ ಏರಿನಲ್ಲಿ ನನ್ನ ಬಾಗಿಲು ಹಿಮ ಕಟ್ಟಿ ನಿಂತುಹೋಯಿತು. ವ್ಯಾನೂ ನಿಂತಿತು. ಪೆಟ್ರೋಲಿಗೆ ಬದಲಿಸೋಣವೆಂದರೆ ಟ್ಯಾಂಕು ಒಣಗಿ ತಿಂಗಳಾಗಿತ್ತು.

ಫೋನಿನಲ್ಲಿ ಚಲಪತಿ ತೀರ್ಪು ಕೊಟ್ಟ: “ರೆಗ್ಯುಲೇಟರ್ ಕೆಟ್ಟೋಗೈತೆ. ಕಿತ್ತು ಬಿಸಾಕಿ ಬೇರೇದು ಹಾಕ್ಸು.”

ಕೆಟ್ಟಿದ್ದು ನಾನಂತೆ!

ಮುನಿಶಾಮಪ್ಪ ವ್ಯಾನಿನ ಬಾಗಿಲು ಹಿಡಿದು ಇಳಿದರು. ಸೀಟು ಎತ್ತಿಸಿದರು. ಬೆಳ್ಳಗಾಗಿದ್ದ ನನ್ನ ಮೈ ಮುಟ್ಟಿ ಕೈ ಹಿಂದೆಗೆದರು.

“ಇದು ಕೆಟ್ಟಿಲ್ಲ ತಾಯಿ. ಐಸ್ ಮಾಡ್ತಾ ಐತೆ. ಮೂವತ್ತೊರ್ಷ ನಾನ್ ಮಾಡಿದ್ದೂ ಇದೇ ಕೆಲ್ಸ. ಫ್ಲಾಸ್ಕ್ ಕೊಡು.”

“ಮಾವಾ, ಅದು ನೀವು ಕುಡಿಯೋ ನೀರು.”

“ನಂಗಂತೂ ಹೊಟ್ಟೆ ತುಂಬಾ ಕುಡಿಯೋ ಭಾಗ್ಯ ಇಲ್ಲ. ಇದಾದ್ರೂ ಕುಡೀಲಿ.”

ಟವೆಲು ಹೊದಿಸಿ ಮೆಲ್ಲಗೆ ಸುರಿದರು. ನನ್ನ ಪರದೆ ಮಿಸುಕಿತು, ಬಾಗಿಲು ಸಡಿಲಾಯಿತು. ಏರು ಹತ್ತಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಮತ್ತೆ ಹಿಮ. ಉಳಿದ ನೀರನ್ನೂ ಸುರಿದರು. ಏಳೂ ಇಪ್ಪತ್ತೆಂಟಕ್ಕೆ ಆಸ್ಪತ್ರೆಯ ಗೇಟು ಸಿಕ್ಕಿತು. ಒಣಗಿದ ತುಟಿ ಸವರಿಕೊಳ್ಳುತ್ತ ಅವರು ಒಳಗೆ ಹೋದರು. ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಅವತ್ತೇ ಅಶ್ವತ್ಥಮ್ಮ ತಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನ ಕೈಯಿಂದಲೇ ಪೈಪು ಹಾಕಿಸಿದಳು. “ಇನ್ನೊಂದ್ಸಲ ಇದುನ್ನ ಮುಟ್ಟಿದ್ರೆ ಕೈ ಮುರೀತೀನಿ,” ಎಂದಳು. ಅವನು ಮುಟ್ಟಲಿಲ್ಲ.

ಈಗ ನನ್ನ ರಬ್ಬರು ಸೀಳಿದೆ. ಮೆಕ್ಯಾನಿಕ್ಕಿನ ಅಂಗಡಿಯ ಅಟ್ಟದ ಮೇಲೆ, ತೂಕಕ್ಕೆ ಹೋಗುವ ಸಾಮಾನಿನ ಜೊತೆ ಬಿದ್ದಿದ್ದೇನೆ. ಕರಗಿಸುವವರು ಕರಗಿಸಲಿ, ನನಗೆ ಭಯವಿಲ್ಲ. ಒಂದು ದಿನದ ಮಾತು ಮಾತ್ರ ಹೇಳಿಬಿಡುತ್ತೇನೆ.

ಆ ಚಳಿಯ ಬೆಳಗಾಗಿ ನಾಲ್ಕು ವರ್ಷಕ್ಕೆ ಒಂದು ಗುರುವಾರ, ವ್ಯಾನು ಮುನಿಶಾಮಪ್ಪನವರ ಮನೆ ಮುಂದೆ ನಿಲ್ಲದೆ ಹೋಯಿತು. ಹಿಂದಿನ ದಿನವಷ್ಟೇ ಅವರ ಮಣ್ಣಾಗಿತ್ತು. ಊರು ದಾಟಿದ ಮೇಲೆ ಅಶ್ವತ್ಥಮ್ಮ ಅಳುತ್ತ ಆಕ್ಸಿಲರೇಟರನ್ನು ನೆಲಕ್ಕೆ ತಾಗುವ ಹಾಗೆ ಒತ್ತಿದಳು. ನನಗೂ ಸಂಕಟ ಉಕ್ಕಿ ಬಂದಿತ್ತು. ಅವತ್ತೊಂದು ದಿನ ಬಾಗಿಲನ್ನು ಪೂರ್ತಿ ಬಿಟ್ಟುಬಿಡೋಣ ಅನ್ನಿಸಿತು.

ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಇನ್ನೂ ಮೂವರಿದ್ದರು.